ನೂರಾ ಐವತ್ತೆರಡು ಗ್ರಾಂ

ಸತ್ತವನ ಬ್ಯಾಗು ತೂಕದ ಕೊಕ್ಕೆಗೆ ನೇತಾಡುತ್ತಿತ್ತು. ಮುರಿಗೆಪ್ಪ ಅಂಕಿಯ ಕಡೆ ಕಣ್ಣು ಹಾಕದೆ ಅದನ್ನು ಎರಡೂ ಕೈಯಲ್ಲಿ ಇಳಿಸಿಕೊಂಡ. ಪಾರ್ಕ್ ರಾಯಲ್‌ನ ಕಾರ್ಖಾನೆ ಬಡಾವಣೆಯ ತನ್ನ ಗೋದಾಮಿನ ನೆಲಕ್ಕೆ ನೀಲಿ ತಾಡಪತ್ರಿ ಹಾಸಿ, ಒಂದೊಂದೇ ಸಾಮಾನು ತೆಗೆದು ಸಾಲಾಗಿ ಇಟ್ಟ.

ಟೆಂಟು. ಮಲಗುವ ಚೀಲ. ಅಂಗೈಯಗಲದ ಒಲೆ, ಖಾಲಿಯಾದ ಗ್ಯಾಸ್ ಡಬ್ಬಿ. ಚಾಕು, ದಿಕ್ಸೂಚಿ, ತಲೆಗೆ ಕಟ್ಟುವ ದೀಪ. ಹೊಡೆದ ಜಿಂಕೆಯ ಮಾಂಸ ತುಂಬಿ ಹೊರಲು ನಾಲ್ಕು ತೆಳು ಬಟ್ಟೆಯ ಚೀಲ. ನಾಲ್ಕರ ಮಡಿಕೆಯೂ ಬಿಚ್ಚಿರಲಿಲ್ಲ. ಹಲ್ಲುಜ್ಜುವ ಬ್ರಷ್ಷೊಂದು, ಹಿಡಿಕೆ ಅರ್ಧಕ್ಕೆ ಕತ್ತರಿಸಿದ್ದು.

ಆ ಮೋಟು ಬ್ರಷ್ಷನ್ನು ಮುರಿಗೆಪ್ಪ ಕೆಳಗಿಡದೆ ಕೈಯಲ್ಲೇ ಹಿಡಿದುಕೊಂಡ. ಹಿಡಿಕೆ ಕತ್ತರಿಸು ಎಂದು ಹೇಳಿಕೊಟ್ಟವನು ಅವನೇ. ಅದರಿಂದ ಉಳಿದದ್ದು ಒಂಬತ್ತು ಗ್ರಾಂ.

ಹನ್ನೊಂದು ದಿನದ ಹಿಂದೆ, ಸ್ಕಾಟ್ಲೆಂಡಿನ ಬೆಟ್ಟದ ಕೊರಕಲೊಂದರಲ್ಲಿ, ಕಾಲು ಮುರಿದುಕೊಂಡ ನಿತೀಶ ಎರಡು ರಾತ್ರಿ ಜೀವ ಹಿಡಿದಿದ್ದು ಮೂರನೆಯ ಬೆಳಗ್ಗೆ ಸತ್ತಿದ್ದ. ಸಹಾಯ ಕರೆಯಬೇಕಿದ್ದ ಬೀಕನ್ ಅವನ ಬಳಿ ಇರಲಿಲ್ಲ.

ಬೀಕನ್ ಎಂದರೆ ಮುಷ್ಟಿಯಷ್ಟು ದೊಡ್ಡ ಕಿತ್ತಳೆ ಬಣ್ಣದ ಡಬ್ಬಿ. ಮೊಬೈಲ್ ಸತ್ತುಹೋಗುವ ಜಾಗದಲ್ಲಿ ಅದರ ಗುಂಡಿ ಒತ್ತಿದರೆ ಉಪಗ್ರಹಕ್ಕೆ ಸುದ್ದಿ ಮುಟ್ಟುತ್ತದೆ. ಹೆಲಿಕಾಪ್ಟರ್ ಬರುತ್ತದೆ. ಮನುಷ್ಯ ಉಳಿಯುತ್ತಾನೆ.

ನಿತೀಶ ಬ್ಯಾಗಿನ ಮೇಲಿನ ಜೇಬಿನಲ್ಲಿ ಸಾಮಾನಿನ ಪಟ್ಟಿ ಇಟ್ಟಿದ್ದ. ಮೂವತ್ತೊಂದು ಸಾಮಾನು, ಒಂದೊಂದರ ಮುಂದೆ ಅದರ ತೂಕ. ಹದಿನೇಳನೆಯ ಸಾಲಿನಲ್ಲಿ 'ಬೀಕನ್, ೧೫೨ ಗ್ರಾಂ' ಎಂದಿತ್ತು. ಪಟ್ಟಿಯ ಹಿಂಬದಿಯಲ್ಲಿ ಪೆನ್ಸಿಲ್‌ನಿಂದ ಗೀಚಿದ ಒಂದೇ ಸಾಲು. ಬೆರಳು ಮರಗಟ್ಟಿದವನ ಅಕ್ಷರ.

'ಕಾಕಾ, ತೂಕ ಬರೋಬ್ಬರಿ ಇತ್ತು. ಬೀಕನ್ ಇಲ್ಲ.'

ಕಾಕಾ ಎಂದರೆ ಮುರಿಗೆಪ್ಪ.

ಬೈಲಹೊಂಗಲದ ಕಡೆಯ ಮುರಿಗೆಪ್ಪ ಹದಿನೇಳು ವರ್ಷ ಫೌಜಿನ ಮಿಲಿಟರಿ ಪೊಲೀಸಿನಲ್ಲಿ ಹವಾಲ್ದಾರನಾಗಿದ್ದ. ಕಳ್ಳರನ್ನು ಹಿಡಿಯುವುದು ಅಲ್ಲಿ ಕಲಿತ. ಹಿಮದಲ್ಲಿ ಬದುಕುವುದನ್ನೂ ಅಲ್ಲಿಯೇ ಕಲಿತ. ಈಗ ಬೆನ್ನಿಗೆ ಮನೆ ಕಟ್ಟಿಕೊಂಡು ದಿನಗಟ್ಟಲೆ ಬೆಟ್ಟದಲ್ಲಿ ಬೇಟೆಗೆ ಹೋಗುವವರಿಗೆ ಸಾಮಾನು ಬಾಡಿಗೆಗೆ ಕೊಡುತ್ತಿದ್ದ, ತಾಲೀಮನ್ನೂ ಮಾಡಿಸುತ್ತಿದ್ದ. ಭಾನುವಾರ ಭಾನುವಾರ ಹಾರ್ಸೆಂಡನ್ ಗುಡ್ಡದ ಮೇಲೆ ಕಂಪ್ಯೂಟರ್ ಹುಡುಗರ ಬೆನ್ನಿಗೆ ಮರಳಿನ ಚೀಲ ಹೊರಿಸಿ ಹತ್ತಿಸಿ ಇಳಿಸಿ ಕೂಗಾಡುತ್ತಿದ್ದ.

"ಬೇಟಿಗಾರ ಅಂದ್ರ ಮೊದಲ ಹಮಾಲ! ಬಂದೂಕು ಆಮ್ಯಾಲಿಂದು! ಹೊರಾಕ ಆಗದ್ದನ್ನ ಹೊಡಿಬ್ಯಾಡ್ರಿ! ಮಧ್ಯಾಹ್ನ ಎರಡಕ್ಕ ಹೊಳ್ಳಿ ನಡೀರಿ, ಜಿಂಕಿ ಮೂಗಿನ ಮುಂದ ನಿಂತಿದ್ರೂ! ಹದಿನಾರು ಕಿಲೋ ಮ್ಯಾಲ ಒಂದು ಗ್ರಾಂ ಹೆಚ್ಚಾದ್ರ ಬ್ಯಾಗು ಎತ್ತಿ ಒಗಿತೇನಿ!"

ನಿತೀಶ ಎಲ್ಲವನ್ನೂ ಪಾಲಿಸಿದ್ದ. ಒಂದು ಗುಂಡೂ ಹಾರಿಸಿರಲಿಲ್ಲ. ಎರಡು ಗಂಟೆಗೆ ಸರಿಯಾಗಿ ಹಿಂದಕ್ಕೆ ತಿರುಗಿ, ಇಳಿಯುವಾಗಲೇ ಬಿದ್ದಿದ್ದ. ಹೇಳಿದ ಮಾತು ಕೇಳದ ಶಿಷ್ಯ ಸತ್ತರೆ ಗುರುವಿಗೆ ನಿದ್ದೆ ಬಂದೀತು. ಕೇಳಿದವನು ಸತ್ತರೆ?

ಸ್ಕಾಟ್ಲೆಂಡಿನ ಪೊಲೀಸ್ ಅಧಿಕಾರಿ ಆ ಪೆನ್ಸಿಲ್ ಸಾಲಿನ ಫೋಟೋ ಕಳಿಸಿ ಅರ್ಥ ಕೇಳಿದ್ದ. ಈ ದಿನ ನಾಲ್ಕು ಗಂಟೆಗೆ ಫೋನ್ ಮಾಡುತ್ತೇನೆ, ನಿಮಗೆ ಯಾರ ಮೇಲಾದರೂ ಸಂಶಯವಿದ್ದರೆ ಆಗ ಹೇಳಿ ಎಂದಿದ್ದ.

ಸಂಶಯವಿತ್ತು. ಹೆಸರೂ ಇತ್ತು. ಅಭಿಜಿತ್.

ತಾಡಪತ್ರಿಯ ಮೇಲೆ ಮೂವತ್ತು ಸಾಮಾನು ಸೇರಿದವು. ಬ್ಯಾಗಿನ ತಳದಲ್ಲಿ ಇನ್ನೂ ಏನೋ ಉಳಿದಿತ್ತು. ಕೈ ಹಾಕಿದರೆ ಒಂದು ಬಟ್ಟೆಯ ತುಂಡು ಬಂತು, ಎಣ್ಣೆಗಟ್ಟಿ ಮುದ್ದೆಯಾದದ್ದು. ಬಂದೂಕು ಒರೆಸುವ ಅರಿವೆ ಇರಬೇಕು ಎಂದು ಪಕ್ಕಕ್ಕೆ ಎಸೆದ.

ಈ ಬ್ಯಾಗನ್ನು ಪೊಲೀಸರು ನಿತೀಶನ ಹೆಂಡತಿ ಪ್ರಿಯಾಂಕಾಳಿಗೆ ಒಪ್ಪಿಸಿದ್ದರು. ನಿನ್ನೆ ಅವಳೇ ಫೋನ್ ಮಾಡಿ ಕರೆದಿದ್ದಳು. ಕೊಲಿಂಡೇಲ್‌ನ ಎಂಟನೆಯ ಮಹಡಿಯ ಫ್ಲ್ಯಾಟು. ಮಣ್ಣು ಮಾಡಿ ಮೂರೇ ದಿನ. ಅವಳು ಅಳುತ್ತಿರಲಿಲ್ಲ, ಕೂರುತ್ತಲೂ ಇರಲಿಲ್ಲ. ಬಾಲ್ಕನಿಯ ಬಾಗಿಲು ತೆರೆದಿತ್ತು, ಉದ್ದನೆಯ ಪರದೆಯ ಒಂದು ಮೂಲೆ ಗಾಳಿಗೆ ಪಟಪಟ ಹಾರುತ್ತಿತ್ತು. ಅವಳು ಮತ್ತೆ ಮತ್ತೆ ಹೋಗಿ ಅದರ ಮೇಲೆ ಚಪ್ಪಲಿ ಇಟ್ಟು ಬರುತ್ತಿದ್ದಳು.

"ನೀವ ಕಲಿಸಿದ್ರಿ, ನೀವ ನೋಡ್ರಿ ಕಾಕಾ," ಎಂದಿದ್ದಳು. "ಬೀಕನ್ ಸಿಕ್ಕರ ಮೊದಲ ನನಗ ಹೇಳ್ರಿ."

ಬೆಳಗ್ಗೆಯಿಂದ ಎರಡು ಸಲ ಮೆಸೇಜೂ ಮಾಡಿದ್ದಳು. ಬೀಕನ್ ಸಿಕ್ತಾ ಕಾಕಾ? ಬೀಕನ್ ಸಿಕ್ತಾ? ಪಾಪದ ಹುಡುಗಿ, ಗಂಡನನ್ನು ಕೊಂದದ್ದು ಯಾರೆಂದು ತಿಳಿಯದೆ ಅನ್ನ ಇಳಿಯುತ್ತಿಲ್ಲ ಎಂದುಕೊಂಡ ಮುರಿಗೆಪ್ಪ. ಹೇಳುತ್ತೇನೆ ಮಗಳೇ, ನಾಲ್ಕು ಗಂಟೆಗೆ ಹೇಳುತ್ತೇನೆ.

ಶಟರಿನ ಹತ್ತಿರ ಹೆಜ್ಜೆ ಸಪ್ಪಳವಾಯಿತು.

"ಸರ್, ಬರೋಕೆ ಹೇಳಿದ್ರಂತೆ."

ಬೆಂಗಳೂರಿನ ಅಭಿಜಿತ್. ನಿತೀಶನ ಕಂಪನಿಯವನೇ, ಬೇಟೆಯ ಜೊತೆಗಾರನೂ ಅವನೇ. ಹನ್ನೊಂದು ದಿನದಲ್ಲಿ ಹತ್ತು ವರ್ಷ ವಯಸ್ಸಾದವನ ಹಾಗೆ ಕಾಣುತ್ತಿದ್ದ. ತಾಡಪತ್ರಿಯ ಮೇಲಿನ ಸಾಮಾನು ಕಂಡು ಅಲ್ಲೇ ನಿಂತುಬಿಟ್ಟ.

"ಕುಂದ್ರಬ್ಯಾಡ. ನಿಂತ ಮಾತಾಡು. ಬೆಟ್ಟದ ಬುಡದಾಗ ಬ್ಯಾಗು ತೂಗಿದಾಂವ ಯಾರು?"

"ನಾನೇ ಸರ್. ಕಾರ್ ಪಾರ್ಕ್‌ನಲ್ಲಿ. ನೀವೇ ಹೇಳಿದ್ರಲ್ಲ, ಹತ್ತೋ ಮುಂಚೆ ಇನ್ನೊಂದ್ಸಲ ತೂಗಿ ಅಂತ."

"ಎಷ್ಟ ಬಂತು?"

"ಹದಿನೈದು ಕಿಲೋ ಒಂಬೈನೂರ ಎಂಬತ್ತು."

"ಪಟ್ಟಿಯಾಗ ಎಷ್ಟೈತಿ?"

"ಅಷ್ಟೇ. ಒಂದು ಗ್ರಾಂ ಆಚೆ ಈಚೆ ಇರ್ಲಿಲ್ಲ."

"ಅಂದ್ರ ಅಲ್ಲೀತನಕ ಬೀಕನ್ ಬ್ಯಾಗಿನಾಗ ಇತ್ತು. ಹೌದಿಲ್ಲೋ?"

"ಇರ್ಬೇಕು ಸರ್."

"ಇರಬೇಕಲ್ಲ, ಇತ್ತು! ತೂಕ ಸುಳ್ಳ ಹೇಳೂದಿಲ್ಲ. ಅಲ್ಲಿಂದ ಮ್ಯಾಲ ಹೋದವರು ನೀವಿಬ್ಬರ. ಮಲಗಿದವರು ಒಂದ ಟೆಂಟಿನಾಗ. ಮುಂಜಾನೆದ್ದು ಆಂವ ಒಂದು ಕಡಿ ಹೋದ, ನೀ ಒಂದು ಕಡಿ ಹೋದಿ. ನಡುವ ಮೂರನೇ ಮನಷ್ಯಾ ಇಲ್ಲ." ಮುರಿಗೆಪ್ಪ ಒಂದು ಹೆಜ್ಜೆ ಮುಂದೆ ಬಂದ. "ಆಫೀಸಿನಾಗ ಇಬ್ಬರೊಳಗ ಒಬ್ಬಂದ ಕೆಲಸ ಉಳೀತೈತಿ ಅಂತ ಹೇಳಿದ್ರು. ಅದೂ ಗೊತ್ತೈತಿ ನನಗ."

ಅಭಿಜಿತ್‌ನ ಮುಖ ಬಿಳಿಚಿಕೊಂಡಿತು.

"ಸರ್, ಏನ್ ಮಾತಾಡ್ತಿದೀರ? ಅವನು ಬರ್ಲಿಲ್ಲ ಅಂತ ಕತ್ತಲಲ್ಲಿ ಒಂಬತ್ತು ಗಂಟೆ ನಡ್ದು ರೋಡಿಗೆ ಬಂದಿದೀನಿ. ಕಾಲು ನೋಡಿ ಬೇಕಾದ್ರೆ. ಮಂಜು ಕವಿದಿತ್ತು, ಹೆಲಿಕಾಪ್ಟರ್ ಹುಡುಕೋಕೆ ಆಗ್ಲಿಲ್ಲ. ನನ್ ಹತ್ರ ಇನ್ನೊಂದು ಬೀಕನ್ ಇದ್ದಿದ್ರೆ..."

ಮಾತು ಅಲ್ಲಿಗೇ ನಿಂತಿತು. ಇಬ್ಬರಿಗೂ ಗೊತ್ತಿತ್ತು. ಇಬ್ಬರಿಗೆ ಒಂದೇ ಬೀಕನ್ ಸಾಕು, ದೂರ ಹೋಗುವವನು ಇಟ್ಟುಕೊಳ್ಳಲಿ, ಭಾರ ಕಡಿಮೆಯಾಗುತ್ತದೆ ಎಂದವನು ಮುರಿಗೆಪ್ಪನೇ.

ತನ್ನ ತಪ್ಪು ಎದುರಿಗೆ ಬಂದಾಗ ಮುರಿಗೆಪ್ಪನಿಗೆ ಸಿಟ್ಟು ಬರುತ್ತದೆ. ಬಂತು. ಅಭಿಜಿತ್‌ನ ಜಾಕೆಟ್ಟಿನ ಕೊರಳಪಟ್ಟಿ ಹಿಡಿದು ಎಳೆದ.

"ನನ್ನ ತಪ್ಪ ತೋರಸಾಕ ಬರ್ತಿಯೇನಲೇ? ಆ ರಾತ್ರಿ ಟೆಂಟಿನಾಗ ಏನೋ ಆಗೈತಿ. ಅದನ್ನ ನೀ ಯಾರ ಮುಂದನೂ ಹೇಳಿಲ್ಲ. ಪೊಲೀಸರ ಮುಂದ ಮಾತಾಡೂಮುಂದ ನಿನ್ನ ಕಣ್ಣ ನೋಡೇನಿ ನಾನು. ಹದಿನೇಳು ವರ್ಷ ಇದ ಕೆಲಸ ಮಾಡೇನಿ. ನಾಕು ಗಂಟೆಕ್ಕ ಅವರ ಫೋನ್ ಬರತೈತಿ. ನಿನ್ನ ಹೆಸರ ಹೇಳತೇನಿ. ನಿನ್ನ ಕೆಲಸನೂ ಹೋಗತೈತಿ, ವೀಸಾನೂ ಹೋಗತೈತಿ. ಈಗ ಬೊಗಳು!"

ಅಭಿಜಿತ್ ಕೊಸರಾಡಲಿಲ್ಲ. ಅವನ ಕಣ್ಣಲ್ಲಿ ನೀರು ತುಂಬಿತು.

"ಹೇಳ್ಬಿಡಿ ಸರ್. ಹೆಸ್ರು ಹೇಳ್ಬಿಡಿ. ತಪ್ಪು ಮಾಡಿದೀನಿ ನಾನು."

ಮುರಿಗೆಪ್ಪನ ಕೈ ಸಡಿಲವಾಯಿತು.

"ಬೀಕನ್ ತಗೊಂಡಿಲ್ಲ. ದೇವರಾಣೆ ತಗೊಂಡಿಲ್ಲ. ಆದ್ರೆ ಆ ರಾತ್ರಿ ಮಲಗೋ ಮುಂಚೆ ಅವನು ಸಾಕ್ಸ್ ಹುಡುಕ್ತಾ ಬ್ಯಾಗ್ ತಳಕ್ಕೆ ಕೈ ಹಾಕ್ದ. ಒಂದು ಗಂಟು ಸಿಕ್ತು. ಬಿಚ್ಚಿದ್ರೆ ಉಂಡೆಗಳು ಸರ್. ಕಡಲೇಕಾಯಿ ಉಂಡೆ. 'ನೋಡಲೇ ನಮ್ಮವ್ವನ ಬುತ್ತಿ, ಗೊತ್ತಿಲ್ದಂಗ ತುರುಕ್ಯಾಳ' ಅಂತ ಬಿದ್ದು ಬಿದ್ದು ನಕ್ಕ. ನಾಲ್ಕಿತ್ತು. ಒಂದು ಸ್ವಲ್ಪ ಮುರಿದಿತ್ತು, ಇಲಿ ಕಚ್ಚಿದ ಹಾಗೆ. ಚೆನ್ನಾಗಿರೋ ಎರಡು ನನಗೆ ಕೊಟ್ಟು, ಮುರಿದಿದ್ದು ತಾನು ತಗೊಂಡ."

"ಮುಂದ?"

"ತಿಂತಾ ತಿಂತಾ ಸುಮ್ನಾದ. 'ಇದು ಪಟ್ಟಿಯಾಗ ಇಲ್ಲ. ಆದ್ರೂ ತೂಕ ಬರೋಬ್ಬರಿ ಬಂತು. ಹಂಗಾದ್ರ ಏನೋ ಒಂದು ಕಮ್ಮಿ ಐತಿ' ಅಂದ. ಎಲ್ಲಾ ಹೊರಗೆ ತೆಗೆದು ನೋಡ್ತೀನಿ ಅಂತ ಎದ್ದ. ಹೊರಗೆ ಜೋರು ಮಳೆ. ಟೆಂಟಲ್ಲಿ ಕಾಲು ಚಾಚೋಕೂ ಜಾಗ ಇಲ್ಲ." ಅಭಿಜಿತ್ ಎರಡೂ ಕೈಯಿಂದ ಮುಖ ಒರೆಸಿಕೊಂಡ. "ನಾನೇ ಹೇಳ್ದೆ ಸರ್. 'ಮಲ್ಕೊಳೋ ಮಾರಾಯ, ಬೆಳಗ್ಗೆ ನೋಡಿದ್ರಾಯ್ತು' ಅಂತ. ಬೆಳಗ್ಗೆ ಇಬ್ರೂ ಮರೆತ್ವಿ."

ಪಕ್ಕದ ಕಾರ್ಖಾನೆಯಿಂದ ಬ್ರೆಡ್ ಬೇಯುವ ವಾಸನೆ ಬರುತ್ತಿತ್ತು.

ಮುರಿಗೆಪ್ಪ ಮೆಲ್ಲಗೆ ಬಗ್ಗಿ, ತಾನು ಎಸೆದಿದ್ದ ಬಟ್ಟೆಯ ತುಂಡನ್ನು ಎತ್ತಿಕೊಂಡ. ಮೂಗಿಗೆ ಹಿಡಿದ. ಬಂದೂಕಿನ ಎಣ್ಣೆಯಲ್ಲ. ಶೇಂಗಾ, ಬೆಲ್ಲ, ಏಲಕ್ಕಿ. ಬಿಡಿಸಿ ನೋಡಿದರೆ ಕೆಂಪು ದಡಿಯ ಇಳಕಲ್ ಸೀರೆಯ ತುಂಡು. ಈ ದಡಿಯನ್ನು ಅವನು ನೋಡಿದ್ದ. ಗ್ರೀನ್‌ಫರ್ಡ್‌ನಲ್ಲಿ ನಿತೀಶನ ತಾಯಿ ಸೋಫಾದ ಮೇಲೆ ಹಾಸಿದ್ದ ಕೌದಿಯಲ್ಲಿ, ನಡುವಿನ ತೇಪೆ ಇದೇ.

ತೂಕ ಸುಳ್ಳು ಹೇಳುವುದಿಲ್ಲ ಎಂದು ಈಗಷ್ಟೇ ಕೂಗಾಡಿದ್ದ. ಸುಳ್ಳು ಹೇಳಿರಲಿಲ್ಲ ನಿಜ. ಪೂರ್ತಿ ಹೇಳಿರಲಿಲ್ಲ, ಅಷ್ಟೇ.

"ಸರ್?" ಎಂದ ಅಭಿಜಿತ್.

ತಪ್ಪಾಯಿತು ಎನ್ನಬೇಕಿತ್ತು. "ಮುಖ ತೊಳ್ಕೊ," ಎಂದ ಮುರಿಗೆಪ್ಪ. "ಮ್ಯಾಲ ಡಬ್ಬಿಯಾಗ ರೊಟ್ಟಿ ಅದಾವ. ಉಂಡು ಹೋಗು."

ಅವನ ವ್ಯಾನು ದೊಡ್ಡ ರಸ್ತೆಗೆ ಬೀಳುವಾಗ ಗಡಿಯಾರ ಮೂರೂಕಾಲು ತೋರಿಸುತ್ತಿತ್ತು.

ನಿತೀಶನ ತಾಯಿ ಚಂದ್ರವ್ವ ಬಾಗಿಲು ತೆರೆದು, "ಬಾ ತಮ್ಮಾ," ಎಂದಳು. ಅರವತ್ತಮೂರರ ಗಟ್ಟಿ ಹೆಂಗಸು. ಹನ್ನೊಂದು ದಿನದಲ್ಲಿ ಬಳೆ ಕೈಯಿಂದ ಜಾರುವಷ್ಟು ಸೊರಗಿದ್ದಳು. ಮುರಿಗೆಪ್ಪನ ಊರಿನ ಪಕ್ಕದ ಊರವಳು, ಅಕ್ಕ ಅನ್ನುವ ಸಲಿಗೆ. ಆ ಸಲಿಗೆಯಲ್ಲೇ ಅವನು ಅವಳಿಗೆ ಮೋಸ ಮಾಡಿದ್ದ. ಮಾಂಸ ಮುಟ್ಟದ ಮನೆ. ಮಗ ಬೇಟೆಗೆ ಹೋಗುತ್ತಾನೆಂದು ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಬೆಟ್ಟ ಹತ್ತಲಿಕ್ಕೆ ಹೋಗುತ್ತಾನಕ್ಕಾ, ನಾನು ಕಲಿಸೇನಿ, ಕಾಳಜಿ ಬಿಡು ಎಂದಿದ್ದ.

ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಸಣ್ಣ ಗಾಜಿನ ತೂಕದ ಯಂತ್ರವಿತ್ತು, ಹಿಟ್ಟು ತೂಗುವಂಥದ್ದು. ಮುರಿಗೆಪ್ಪನ ಕಣ್ಣು ಅದರ ಮೇಲೆ ನಿಂತಿತು.

"ಚಾ ಮಾಡ್ಲಿ?"

"ಬ್ಯಾಡಕ್ಕಾ." ಜೇಬಿನಿಂದ ಇಳಕಲ್ ತುಂಡನ್ನು ತೆಗೆದು ಮೇಜಿನ ಮೇಲೆ ಇಟ್ಟ. "ಇದು ನಿಂದ ಹೌದಲ್ಲೋ?"

ಚಂದ್ರವ್ವ ಅದನ್ನು ಮುಟ್ಟಿದಳು. ಗಂಟು ಬಿಚ್ಚಿದ್ದನ್ನು ನೋಡಿದಳು. ಸತ್ತ ಸುದ್ದಿ ಬಂದ ದಿನದಿಂದ ಮೊದಲ ಸಲ ಅವಳ ಮುಖದ ಮೇಲೆ ಬೆಳಕಿನಂಥದ್ದೇನೋ ಹಾಯಿತು.

"ತಿಂದಿದ್ನೇನು?"

ಮುರಿಗೆಪ್ಪ ಇಂಥ ಪ್ರಶ್ನೆಗೆ ತಯಾರಾಗಿ ಬಂದಿರಲಿಲ್ಲ. "ತಿಂದ," ಎಂದ. "ಗೆಳೆಯಗೂ ಕೊಟ್ಟ. ನಮ್ಮವ್ವನ ಬುತ್ತಿ ಅಂತ ನಕ್ಕನಂತ."

"ನಕ್ಕನ?" ಚಂದ್ರವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಹೊಟ್ಟಿ ಹಸದ ಸತ್ತನೋ ಏನೋ ಅಂತ ನಾ ದಿನಾ... ಶಿವನ ಪಾದ ನಿಂದು, ಇಷ್ಟರ ಕೇಳಿಸಿದಿ."

"ಹೆಂಗ ಇಟ್ಟಿ ಅಕ್ಕಾ? ಆಂವ ಗ್ರಾಂ ಗ್ರಾಂ ತೂಗಾಂವ."

"ಅಯ್ಯ, ಅದನ್ಯಾಕ ಕೇಳ್ತಿ! ಹೊಂಡು ದಿನ ಇಲ್ಲೇ ಬಂದು ಬ್ಯಾಗ ಕಟ್ಟಿದ. ಎರಡ ಸಲ ಬುತ್ತಿ ಇಟ್ಟೆ, ಎರಡ ಸಲಾನೂ ಹೊರಗ ತಗದ. 'ಹೆಚ್ಚಾತಂದ್ರ ಕಾಕಾ ಬ್ಯಾಗ ಒಗಿತಾನಬೇ' ಅಂದ. ಖಾಲಿ ಕೈಲೆ ಕಳಸೂದು ಯಾವ ಶಾಸ್ತ್ರನಪಾ? ಆಂವ ಜಳಕಕ್ಕ ಹೋದ. ನಾ ಈ ತಕ್ಕಡಿ ತಗೊಂಡ ಕುಂತೆ." ಅವಳ ದನಿಯಲ್ಲಿ ಮಗನನ್ನು ಗೆದ್ದ ತಾಯಿಯ ಹಳೆಯ ಹೆಮ್ಮೆ ಒಂದು ಗಳಿಗೆ ಇಣುಕಿತು. "ಏನರ ಒಂದು ತಗದು, ಅಷ್ಟ ತೂಕದ್ದು ಇಟ್ರ ಮುಗೀತಲ್ಲ? ಮೂರ ಉಂಡಿ ಕಮ್ಮಿ ಆತು. ನಾಕ ಇಟ್ರ ಚೂರು ಹೆಚ್ಚಾತು. ನಾಕನೇದ್ದು ಒಂದ ತುಣುಕು ಮುರದ ನಾನ ಬಾಯಾಗ ಹಾಕ್ಕೊಂಡೆ. ಆವಾಗ ಬರೋಬ್ಬರಿ ಆತು ನೋಡು."

ಮುರಿಗೆಪ್ಪ ಕುರ್ಚಿಯ ಬೆನ್ನನ್ನು ಹಿಡಿದುಕೊಂಡ. ಬೆಟ್ಟದಲ್ಲಿ ಎರಡು ರಾತ್ರಿ ಒಬ್ಬನೇ ಬಿದ್ದು ನಿತೀಶ ಇದನ್ನೇ ಲೆಕ್ಕ ಹಾಕಿರಬೇಕು. ತಿಳಿದೂ ಇರಬೇಕು. ತಿಳಿದೂ ಅವ್ವನ ಹೆಸರು ಬರೆಯಲಿಲ್ಲ. 'ಕಾಕಾ' ಎಂದು ಬರೆದ.

"ತಗದದ್ದು ಏನಕ್ಕಾ?"

"ಅದಾ? ಅದೇನೋ ಹಳದಿ ಕೆಂಪು ಕೂಡಿದ್ದ ಡಬ್ಬಿ. ಫೋನಿಗೆ ಚಾರ್ಜ್ ಹಾಕೂದಿರಬೇಕು ಅಂದ್ಕೊಂಡೆ. ಅಂಥಾವು ಅವನ ಹಂತ್ಯಾಕ ಇನ್ನೆರಡ ಇದ್ದುವು. ಬಂದ ಮ್ಯಾಲ ಬೈತಾನಂತ ಜ್ವಾಕಿಲೆ ಎತ್ತಿಟ್ಟೇನಿ."

ಅವಳು ಮೇಲಿನ ಕಪಾಟಿನಿಂದ ಉಂಡೆಯ ಸ್ಟೀಲ್ ಡಬ್ಬಿ ಇಳಿಸಿದಳು. ಮುಚ್ಚಳ ತೆಗೆದು, ಉಳಿದ ಉಂಡೆಗಳ ನಡುವಿನಿಂದ, ಕರವಸ್ತ್ರದಲ್ಲಿ ಸುತ್ತಿದ್ದ ಬೀಕನ್ ತೆಗೆದು ಅವನ ಅಂಗೈಯಲ್ಲಿ ಇಟ್ಟಳು.

ಮುರಿಗೆಪ್ಪ ಅದನ್ನೇ ನೋಡುತ್ತ ನಿಂತ.

ಚಂದ್ರವ್ವ ಅವನ ಮುಖವನ್ನೇ ನೋಡಿದಳು. ಹನ್ನೊಂದು ದಿನದಿಂದ ಈ ಮನೆಯಲ್ಲಿ ಎಲ್ಲರ ಬಾಯಲ್ಲೂ ಬೀಕನ್, ಬೀಕನ್. ಅದು ಕೋಲು ಇರುವ ದೊಡ್ಡ ರೇಡಿಯೋ ಇರಬೇಕೆಂದು ಅವಳು ತಿಳಿದಿದ್ದಳು. ಯಾರೂ ಅವಳಿಗೆ ತೋರಿಸಿ ಹೇಳಿರಲಿಲ್ಲ.

"ಮುರಿಗೆಪ್ಪಾ," ಎಂದಳು. ದನಿ ತೀರಾ ಸಣ್ಣದಾಗಿತ್ತು. "ಯಾಕ ಸುಮ್ಮನಾದಿ? ಏನದು?"

"ಏನಿಲ್ಲಕ್ಕಾ. ನಿಲ್ಲು, ನೋಡತೇನಿ."

ಉತ್ತರವನ್ನು ಒಂದು ನಿಮಿಷ ಮುಂದಕ್ಕೆ ಹಾಕಬೇಕಿತ್ತು, ಅಷ್ಟೇ. ಕಿಟಕಿಯ ಕಡೆ ತಿರುಗಿ, ಬೆನ್ನು ಅವಳಿಗೆ ಮಾಡಿ, ಬೀಕನ್ನಿನ ಪರೀಕ್ಷೆಯ ಗುಂಡಿ ಒತ್ತಿದ. ಹಸಿರು ದೀಪ ಮೂರು ಸಲ ಮಿನುಗಬೇಕು.

ಮಿನುಗಲಿಲ್ಲ.

ಮತ್ತೆ ಒತ್ತಿದ. ಇಲ್ಲ. ಒಂದು ತಿಂಗಳೂ ಆಗಿಲ್ಲ ಹೊಸ ಬ್ಯಾಟರಿ ಹಾಕಿಸಿ. ಐದು ವರ್ಷ ಬಾಳಬೇಕಾದದ್ದು.

ತಿರುವಿ ನೋಡಿದ. ಡಬ್ಬಿಯ ಎರಡು ಹೋಳು ಕೂಡುವಲ್ಲಿ ಬಿಳಿ ಚೀಟಿ ಅಂಟಿಸಿತ್ತು. 'ಪರೀಕ್ಷಿಸಿದೆ' ಎಂಬ ಅಚ್ಚು, ಕೆಳಗೆ ಮುರಿಗೆಪ್ಪನ ಸಹಿ. ಡಬ್ಬಿ ಬಿಚ್ಚಿದರೆ ಚೀಟಿ ಹರಿಯುತ್ತದೆ, ಅದೇ ಅದರ ಮುದ್ರೆ. ಕಾಕಾನ ಸಹಿ ಇದ್ದರೆ ಯಾವ ಹುಡುಗನೂ ಮತ್ತೆ ಗುಂಡಿ ಒತ್ತಿ ನೋಡುತ್ತಿರಲಿಲ್ಲ. ತಾರೀಖು ಸೆಪ್ಟೆಂಬರ್ ಹದಿಮೂರು.

ಸಹಿ ಅವನದೇ. ತಾರೀಖು ಅವನ ಕೈಯದಲ್ಲ.

ಹದಿಮೂರು ಶನಿವಾರ. ಆ ದಿನ ಅವನು ವೇಲ್ಸ್‌ನ ಬೆಟ್ಟದಲ್ಲಿ ತಾಲೀಮು ಮಾಡಿಸುತ್ತಿದ್ದ. ಬೆಳ್ಳಂಬೆಳಗ್ಗೆಯಿಂದ ರಾತ್ರಿಯವರೆಗೆ ಅಭಿಜಿತ್ ಅವನ ಪಕ್ಕದಲ್ಲೇ ಇದ್ದ.

ಚೀಟಿಗೆ ಸಹಿ ಬಂದದ್ದು ಹೇಗೆಂದು ಅವನಿಗೆ ಗೊತ್ತಿತ್ತು. ಬೀಕನ್ ಒಂದೊಂದನ್ನೇ ಪರೀಕ್ಷಿಸಿ ಒಂದೊಂದಕ್ಕೇ ಸಹಿ ಹಾಕುವ ತಾಳ್ಮೆ ಅವನಿಗಿರಲಿಲ್ಲ. ತಿಂಗಳ ಮೊದಲ ದಿನ ಒಂದು ಹಾಳೆಯ ಚೀಟಿಗಳಿಗೆಲ್ಲ ಒಟ್ಟಿಗೇ ಸಹಿ ಗೀಚಿ ಮೇಜಿನ ಖಾನೆಯಲ್ಲಿ ಒಗೆಯುತ್ತಿದ್ದ. ಫೌಜಿನಲ್ಲಿ ಹೀಗೆ ಮಾಡಿದವನೊಬ್ಬನನ್ನು ಅವನೇ ಹಿಡಿದು ಜೈಲಿಗೆ ಕಳಿಸಿದ್ದ.

ಚಾಕುವಿನ ತುದಿಯಿಂದ ಚೀಟಿ ಸೀಳಿದ. ಅದರ ಕೆಳಗೆ ಇನ್ನೊಂದು ಚೀಟಿಯ ಹರಿದ ಅಂಚು. ಯಾರೋ ಡಬ್ಬಿ ಬಿಚ್ಚಿ, ಮತ್ತೆ ಮುಚ್ಚಿ, ಮೇಲೆ ಹೊಸ ಚೀಟಿ ಹಚ್ಚಿದ್ದರು. ನಾಲ್ಕು ಸ್ಕ್ರೂ ತೆಗೆದ. ಹಿಂಬದಿ ಕಳಚಿತು.

ಬ್ಯಾಟರಿ ಇರಬೇಕಾದ ಜಾಗದಲ್ಲಿ ಬಟ್ಟೆ ಸುತ್ತಿದ ಸೀಸದ ತುಂಡುಗಳು ಸಾಲಾಗಿ ಕೂತಿದ್ದವು. ಬಟಾಣಿ ಕಾಳಿನಂಥ ಗುಂಡುಗಳು, ಕಿರಿದಾದ ಬಿಳಿ ಬಟ್ಟೆಯ ನಳಿಕೆಯೊಳಗೆ ಹೊಲಿದದ್ದು. ಬ್ಯಾಟರಿಯಷ್ಟೇ ತೂಕಕ್ಕೆ ಕತ್ತರಿಸಿದ್ದು.

ಒಂದೇ ಬೀಕನ್ನಿಗೆ ಎರಡು ಸಲ ತೂಕ ಸರಿಮಾಡಿದ್ದರು. ಒಬ್ಬಳು ಮಗನಿಗೆ ಬುತ್ತಿ ಇಡಲು. ಇನ್ನೊಬ್ಬರು?

ಇಂಥ ಸೀಸವನ್ನು ಎಲ್ಲಿಡುತ್ತಾರೆ ಎಂದು ಮುರಿಗೆಪ್ಪನಿಗೆ ಗೊತ್ತಿತ್ತು. ಉದ್ದನೆಯ ಪರದೆ ಗಾಳಿಗೆ ಹಾರದಿರಲೆಂದು ಅದರ ಕೆಳಗಿನ ಮಡಿಕೆಯೊಳಗೆ ಹಾಕುತ್ತಾರೆ. ಸೀಸ ತೆಗೆದ ಮೂಲೆ ಮಾತ್ರ ಹಾರುತ್ತದೆ. ಪಟಪಟ. ಆಗ ಅದರ ಮೇಲೆ ಚಪ್ಪಲಿ ಇಡಬೇಕಾಗುತ್ತದೆ.

ಆ ಶನಿವಾರ ಗೋದಾಮಿನ ಮೇಜಿನಲ್ಲಿ ಬುಕಿಂಗ್ ನೋಡಿಕೊಳ್ಳಲು ಯಾರನ್ನು ಕೂರಿಸಿ ಹೋಗಿದ್ದೆನೆಂಬುದು ಅವನಿಗೆ ಆಗ ನೆನಪಾಯಿತು. ಪ್ರಿಯಾಂಕಾಳನ್ನು.

ಹಿಂದಿನಿಂದ ಚಂದ್ರವ್ವ ಅವನ ತೋಳು ಹಿಡಿದಳು.

"ಇದ ಬೀಕನ್ ಏನು?"

ಅವನು ಸೀಸದ ತುಂಡನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡ. ಡಬ್ಬಿಯ ಹಿಂಬದಿಯನ್ನು ಒತ್ತಿ ಕೂಡಿಸಿ ಮೇಜಿನ ಮೇಲೆ ಇಟ್ಟ. ಸುಳ್ಳು ಹೇಳಲು ಬಾಯಿ ತೆರೆದ. ಬರಲಿಲ್ಲ. ಅವಳಿಗೆ ಹೇಳಿದ ಸುಳ್ಳಿನ ಗಂಟು ಆಗಲೇ ದೊಡ್ಡದಿತ್ತು.

"ಹೌದಕ್ಕಾ."

ಚಂದ್ರವ್ವ ಕೂಗಲಿಲ್ಲ. ಇದ್ದಲ್ಲೇ ನೆಲಕ್ಕೆ ಕುಸಿದು ಕೂತಳು. ಉಂಡೆಯ ಡಬ್ಬಿ ಅವಳ ತೊಡೆಯ ಮೇಲೆ ಇತ್ತು.

"ನಾನ ಕೊಂದೆ," ಎಂದಳು. "ನಾಕ ಉಂಡಿ ಸಲುವಾಗಿ ನನ್ನ ಮಗನ್ನ ನಾನ ಕೊಂದೆ."

"ಅಕ್ಕಾ, ಹಂಗನಬ್ಯಾಡ. ಕೇಳಿಲ್ಲೆ..."

ಕೇಳಿಲ್ಲೆ ಎಂದವನಿಗೆ ಮುಂದೆ ಹೇಳಲು ಆಗಲಿಲ್ಲ. ಇದು ಮೊದಲೇ ಸತ್ತಿತ್ತು, ನೀನು ಕೊಂದಿಲ್ಲ ಎಂದರೆ, ಯಾರು ಎಂಬ ಪ್ರಶ್ನೆ ಬರುತ್ತದೆ. ಮೊದಲ ಹೆಸರು ಅವನದೇ, ಚೀಟಿಯ ಮೇಲೆ ಸಹಿ ಇದೆ. ಎರಡನೆಯ ಹೆಸರು ಈ ಮನೆಯ ಸೊಸೆಯದು. ಗೋಡೆಯ ಗಡಿಯಾರದಲ್ಲಿ ನಾಲ್ಕಕ್ಕೆ ಎರಡು ನಿಮಿಷ ಉಳಿದಿತ್ತು.

ಮುಂಬಾಗಿಲಿನಲ್ಲಿ ಕೀಲಿ ತಿರುಗಿದ ಸಪ್ಪಳ. ಪ್ರಿಯಾಂಕಾ ಒಳಗೆ ಬಂದಳು. ಅಡುಗೆಮನೆಯ ಬಾಗಿಲಲ್ಲಿ ನಿಂತಳು. ನೆಲದ ಮೇಲೆ ಅತ್ತೆ, ಮೇಜಿನ ಮೇಲೆ ಕಿತ್ತಳೆ ಬಣ್ಣದ ಡಬ್ಬಿ.

"ಸಿಕ್ತಾ?" ಎಂದಳು.

"ಸಿಕ್ಕೈತೆವ್ವಾ," ಚಂದ್ರವ್ವ ಸೊಸೆಯ ಕಡೆ ಕೈ ಚಾಚಿದಳು. "ನಾನ ತಗದಿಟ್ಟಿದ್ದೆ. ಉಂಡಿ ಇಡಾಕ ಅದನ್ನ ತಗದೆ. ನಿನ್ನ ಕುಂಕುಮ ನಾನ ಅಳಿಸಿದೆ ಮಗಳ. ನನ್ನ ಪೊಲೀಸರಿಗೆ ಕೊಡು. ನನ್ನ ಮುಖಾ ನೋಡಬ್ಯಾಡ."

ಪ್ರಿಯಾಂಕಾಳ ಕೈಚೀಲ ಜಾರಿ ಬಿತ್ತು. ಹನ್ನೊಂದು ದಿನ ಅಳದ ಹುಡುಗಿ ಓಡಿ ಬಂದು ನೆಲಕ್ಕೆ ಕೂತು, ಅತ್ತೆಯನ್ನು ಎರಡೂ ಕೈಯಿಂದ ಬಾಚಿ ತಬ್ಬಿಕೊಂಡಳು. ಬಿಕ್ಕಿ ಬಿಕ್ಕಿ ಅತ್ತಳು. ಆ ಅಳುವಿನಲ್ಲಿ ನಾಟಕ ಇರಲಿಲ್ಲ. ಅದೇ ಮುರಿಗೆಪ್ಪನನ್ನು ಹೆದರಿಸಿತು.

ಮೇಜಿನ ಮೇಲೆ ಅವನ ಫೋನು ಗುನುಗಲು ಶುರುವಾಯಿತು. ಸ್ಕಾಟ್ಲೆಂಡಿನ ನಂಬರು.

"ಇಲ್ಲತ್ತೀ, ಇಲ್ಲ," ಎನ್ನುತ್ತಿದ್ದಳು ಪ್ರಿಯಾಂಕಾ, ಅತ್ತೆಯ ತಲೆಯನ್ನು ಎದೆಗೆ ಒತ್ತಿಕೊಂಡು. "ನಿಮ್ಮದೇನೂ ತಪ್ಪಿಲ್ಲ. ನೀವು ತಗೀದಿದ್ರೂ ಅವರು ಉಳೀತಿರಲಿಲ್ಲ. ಅದರಾಗ ಬ್ಯಾಟರಿನ ಇರಲಿಲ್ಲ."